ಬೆಣಚುಕಲ್ಲಿನ ಜಾಡು

ಪಂಚನಹಳ್ಳಿ
೨೦ ಫೆಬ್ರವರಿ ೨೦೨೪

ಅನುಪಮಾ,

ನೀನು ಮನೆಗೆ ಬರುವುದು ಬೇಡ, ಫೋನೂ ಮಾಡಬೇಡ. ನಿನ್ನ ದನಿ ಕೇಳಿದರೆ ನನ್ನ ಬಾಯಿಂದ ಏನು ಬಂದುಬಿಡುತ್ತದೋ ನನಗೇ ಗೊತ್ತಿಲ್ಲ. ತಿಥಿಯ ದಿನ ನೀನು ರಸ್ತೆಯಲ್ಲಿ ಕಾರು ನಿಲ್ಲಿಸಿಕೊಂಡು ಒಳಗೇ ಕೂತಿದ್ದೆಯಂತೆ. ಯಾರೋ ಬಂದು ಹೇಳಿದರು. ನಾನು ಎದ್ದು ನೋಡಲಿಲ್ಲ.

ಆದರೆ ಆ ಹೊತ್ತಿನಲ್ಲಿ ನೀನು ಅಲ್ಲಿದ್ದೆ, ನಾನು ಇರಲಿಲ್ಲ. ಚೌಳಹಿರಿಯೂರಿನ ಶಾಲೆಯಲ್ಲಿ ಮಕ್ಕಳಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದೆ. ಹೆಡ್‌ಮಾಸ್ಟರು ಬಾಗಿಲಿಗೆ ಬಂದು, 'ಮೇಡಂ, ಸ್ವಲ್ಪ ಮನೆ ಕಡೆ ಹೋಗ್ಬನ್ನಿ' ಎಂದರು. ಅತ್ತೆಗೆ ಏನೋ ಆಗಿದೆ ಎಂದುಕೊಂಡೇ ಸ್ಕೂಟರ್ ಓಡಿಸಿದೆ. ಬಂದು ನೋಡಿದರೆ ಅತ್ತೆ ತೋಟದ ಬಾವಿ ಕಟ್ಟೆಯ ಮೇಲೆ ಕೂತಿದ್ದರು. ಅವರನ್ನು ಕಂಡ ಕೂಡಲೇ ಸದ್ಯ, ಬದುಕಿದರಲ್ಲ ಎಂದು ನನಗೆ ಸಂತೋಷವಾಯಿತು ಕಣೇ. ಅಷ್ಟು ದೂರದಿಂದ ಕಟ್ಟೆಯ ಹತ್ತಿರ ಬರುವವರೆಗೂ ಸಂತೋಷವಾಗಿಯೇ ಇದ್ದೆ.

ಒಣಬಾವಿಯಲ್ಲಿ ನೀರು ಬಂದು ಗಂಡ ಸತ್ತ ಎಂದರೆ ಯಾರು ನಂಬುತ್ತಾರೆ? ನಾನು ಮದುವೆಯಾಗಿ ಬಂದಾಗಿನಿಂದ ಆ ಬಾವಿಯಲ್ಲಿ ಒಂದು ಚೆಂಬು ನೀರು ಕಂಡಿಲ್ಲ. ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಗಂಗಮ್ಮ ಮುನಿದಳು ಎನ್ನುವವರೂ ಇದ್ದಾರೆ. ಪಕ್ಕದ ಜಮೀನಿನ ಶಶಿಧರಣ್ಣ ನನ್ನನ್ನು ಕಂಡರೆ ದಾರಿ ಬದಲಿಸುತ್ತಾನೆ.

ನಡೆದದ್ದನ್ನು ಬರೆದು ಕಳಿಸು. ಕಂಡದ್ದಷ್ಟನ್ನೂ ಬರಿ. ಸಮಾಧಾನದ ಮಾತು ಒಂದೂ ಬೇಡ.

ಮಾಲಿನಿ


ತರೀಕೆರೆ
೨೭ ಫೆಬ್ರವರಿ ೨೦೨೪

ಮಾಲಿನಿ,

ನೀನು ಕೇಳಿದ ಹಾಗೆಯೇ ಬರೆಯುತ್ತೇನೆ.

ಶಶಿಧರಣ್ಣನ ಬೋರ್‌ವೆಲ್‌ನಲ್ಲಿ ನೀರು ಸಣ್ಣಗಾಗಿದೆ, ಹೈಡ್ರೋ ಮಾಡಿಸಬಹುದೇ ನೋಡಿ ಎಂದು ಕರೆದಿದ್ದರು. ಬೋರಿನೊಳಗೆ ರಬ್ಬರಿನ ಬಿರಡೆ ಇಳಿಸಿ, ಅದನ್ನು ಉಬ್ಬಿಸಿ ಬಾಯಿ ಬಿಗಿದು, ಕೆಳಗಿನ ಬಂಡೆಗೆ ಭಾರೀ ಒತ್ತಡದಲ್ಲಿ ನೀರು ನುಗ್ಗಿಸುವ ಕೆಲಸ. ಬಂಡೆಯ ಸಂದುಗಳು ಬಿಟ್ಟುಕೊಂಡರೆ ಸುತ್ತಲಿನ ನೀರು ಬೋರಿಗೆ ಇಳಿದು ಬರುತ್ತದೆ. ಬಿರಡೆಯನ್ನು ಯಾವ ಆಳದಲ್ಲಿ ಕೂರಿಸಬೇಕು ಎಂದು ಹೇಳುವುದು ನನ್ನ ಪಾಲಿನದು.

ಬೆಳಿಗ್ಗೆ ನಾನು ಬಂದಾಗ ತಿಪ್ಪೇಶಣ್ಣ ನಿಮ್ಮ ತೋಟದ ಬೇಲಿಯ ಹತ್ತಿರ ಸಿಕ್ಕರು. ಎಳನೀರು ಕೆತ್ತಿ ಕೊಟ್ಟರು. 'ಮಾಲಿನಿ ಸ್ಕೂಲಿಗೆ ಹೋದ್ಲು. ನಾನೂ ಕಡೂರಿಗೆ ಹೊಂಟಿದೀನಿ ಕಣಮ್ಮ, ಮೋಟಾರ್ ಕಾಯಿಲ್ ಕಟ್ಟೋಕ್ಕೆ ಕೊಟ್ಟಿದ್ದೆ. ಬರೋವಷ್ಟ್ರಲ್ಲಿ ನಿನ್ ಕೆಲ್ಸ ಮುಗಿದಿರ್ತದೆ, ಊಟಕ್ಕೆ ಮನೆಗೇ ಬಾ' ಎಂದರು. ಬೈಕ್ ಹತ್ತಿದ್ದನ್ನೂ ಕಂಡೆ. ಅವರು ಊರಿನಲ್ಲಿಲ್ಲ ಎಂದೇ ನಾನು ಕೊನೆಯವರೆಗೂ ತಿಳಿದಿದ್ದೆ.

ಕೆಲಸ ಶುರುವಾಗುವ ಮುಂಚೆ ಶಶಿಧರಣ್ಣನನ್ನು ಕೇಳಿದೆ, ಸುತ್ತ ಬಾವಿ, ಬೋರ್ ಏನಿವೆ ಎಂದು. ಅವನು, 'ಮಾಲಿನಿಯೋರ ತೋಟದಾಗೆ ಒಂದ್ ಬಾವಿ ಐತೆ. ಅದ್ರಾಗೆ ಏನೈತೆ, ಬರೀ ಹೂಳು' ಎಂದ. ನಾನು ಅಷ್ಟಕ್ಕೇ ಬಿಟ್ಟೆ. ಬೇರೆಯವರ ನೀರು ಕೆಡಬಾರದು ಎಂದು ನಾವು ಆ ಪ್ರಶ್ನೆ ಕೇಳುವುದು. ನೀರೇ ಇಲ್ಲದ ಬಾವಿಯಲ್ಲಿ ಕೆಡುವುದು ಏನಿದೆ ಎಂದುಕೊಂಡೆ.

ಪಂಪ್ ಶುರು ಮಾಡಿದರು. ಒತ್ತಡದ ಮುಳ್ಳು ಏರುತ್ತಾ ಹೋಯಿತು. ಗಾಡಿಯ ಹುಡುಗರು, ನಾನು, ಶಶಿಧರಣ್ಣ, ಎಲ್ಲರೂ ಅದನ್ನೇ ನೋಡುತ್ತಿದ್ದೆವು. ಇದ್ದಕ್ಕಿದ್ದಂತೆ ಮುಳ್ಳು ದಪ್ಪನೆ ಕೆಳಗೆ ಬಿತ್ತು. ಮುಳ್ಳು ಬಿದ್ದರೆ ಸಂದು ಬಿಟ್ಟುಕೊಂಡಿತು, ಕೆಲಸ ಗೆದ್ದಿತು ಎಂದರ್ಥ. 'ಒಡೀತು!' ಎಂದು ಗಾಡಿಯವನು ಕೂಗಿದ. ಎಲ್ಲರೂ ಚಪ್ಪಾಳೆ ತಟ್ಟಿದರು.

ನಾನೂ ತಟ್ಟಿದೆ, ಮಾಲಿನಿ.

ನೀರು ನುಗ್ಗಿಸುತ್ತಲೇ ಇದ್ದೆವು. ಟ್ಯಾಂಕರ್ ಖಾಲಿಯಾಗುತ್ತಾ ಬಂದಾಗ ನಿಮ್ಮ ಅತ್ತೆ ಬೇಲಿಯಾಚೆ ಓಡಿ ಬರುತ್ತಿರುವುದು ಕಾಣಿಸಿತು. ತಲೆಯ ಸೆರಗು ಜಾರಿತ್ತು. ಏನು ಕೂಗುತ್ತಿದ್ದಾರೆ ಎಂಬುದು ಎಂಜಿನ್ ಸದ್ದಿನಲ್ಲಿ ಕೇಳಿಸಲಿಲ್ಲ. ನಾವೆಲ್ಲ ಅವರನ್ನು ನೋಡಿ ನಗುತ್ತಿದ್ದೆವು, ನೀರು ಬಂತು ಎಂಬ ಸುದ್ದಿ ಹೇಳುವವರ ಹಾಗೆ. ಎಂಜಿನ್ ನಿಂತ ಮೇಲೆ ಕೇಳಿಸಿತು. 'ಬಾವೀಲಿ ನನ್ ಮಗ, ಬಾವೀಲಿ ನನ್ ಮಗ.'

ನಾನು ಓಡಿದೆ. ಬಾವಿಯ ಬಂಡೆಗೋಡೆಯಿಂದ ಒಂದು ದೊಡ್ಡ ಚಪ್ಪಡಿ ಕಳಚಿ ಬಿದ್ದಿತ್ತು. ಅದಿದ್ದ ಜಾಗದಿಂದ ಕೆಂಪು ರಾಡಿ ಇನ್ನೂ ಸುರಿಯುತ್ತಿತ್ತು. ಕೆಳಗೆ ಸೊಂಟದ ಮಟ್ಟ ನೀರು. ಮೊದಲು ನನಗೆ ಯಾರೂ ಕಾಣಲಿಲ್ಲ. ಗಾಡಿಯ ಹುಡುಗರಿಬ್ಬರು ಇಳಿದು ಚಪ್ಪಡಿಯ ಅಡಿಯಿಂದ ಅವರನ್ನು ಎತ್ತಿದರು. ಅವರ ಜೀವ ಆಗಲೇ ಹೋಗಿತ್ತು.

ನಾನು ಕಂಡದ್ದು ಇಷ್ಟು.

ಅನುಪಮಾ


ಪಂಚನಹಳ್ಳಿ
೧೦ ಮಾರ್ಚ್ ೨೦೨೪

ಅನುಪಮಾ,

ನಿನ್ನ ಕಾಗದ ಬಂದ ದಿನ ಓದಿ, ಮಡಿಸಿ, ಅಕ್ಕಿ ಡಬ್ಬಿಯ ಹಿಂದೆ ಇಟ್ಟೆ. ಮತ್ತೆ ಓದಲಿಲ್ಲ. ಓದುವ ಅಗತ್ಯವೂ ಇಲ್ಲ. ಚಪ್ಪಾಳೆಯ ಸದ್ದು ಕಿವಿಯಲ್ಲೇ ಇದೆ. ತರಗತಿಯಲ್ಲಿ ಒಂದು ಮಗು ಪದ್ಯ ಒಪ್ಪಿಸಿದಾಗ ಉಳಿದ ಮಕ್ಕಳು ತಟ್ಟಿದರು. ನಾನು ಹೊರಗೆ ಬಂದು ಗೋಡೆ ಹಿಡಿದು ನಿಂತೆ.

ಅವರು ಕಡೂರಿಗೆ ಹೋಗಲಿಲ್ಲ. ಸಿಂಗಟಗೆರೆ ದಾಟುವ ಮುಂಚೆಯೇ ಅಂಗಡಿಯವನ ಫೋನ್ ಬಂದಿತಂತೆ, ಕಾಯಿಲ್ ಇನ್ನೂ ಆಗಿಲ್ಲ, ನಾಳೆ ಬನ್ನಿ ಎಂದು. ವಾಪಸ್ ಬಂದಿದ್ದಾರೆ. ಸುಮ್ಮನೆ ಕೂರುವ ಜಾತಿಯಲ್ಲ ಅವರದು. ಮಳೆಗಾಲದಲ್ಲಿ ಹೊಲದ ನೀರನ್ನು ಒಣಬಾವಿಗೆ ತಿರುಗಿಸಿ ಇಂಗಿಸೋಣ, ಅದಕ್ಕೆ ಹೂಳು ತೆಗೆಯಬೇಕು ಎಂದು ಎರಡು ವರ್ಷದಿಂದ ಹೇಳುತ್ತಿದ್ದರು. ಅತ್ತೆಗೆ, 'ಅವ್ವ, ಬಾವಿಗ್ ಇಳೀತೀನಿ, ಊಟಕ್ ಕೂಗು' ಎಂದು ಹೇಳಿ ಹೋಗಿದ್ದರು. ಅತ್ತೆ ಊಟಕ್ಕೆ ಕೂಗಲು ಹೋದವರು.

ಸಬ್ ಇನ್ಸ್‌ಪೆಕ್ಟರು ಬಂದಿದ್ದರು. ಒಳ್ಳೆಯ ಮನುಷ್ಯ. 'ಯಾರ ಮೇಲಾದ್ರೂ ಅನುಮಾನ ಇದೆಯಾಮ್ಮ?' ಎಂದು ಕೇಳಿದರು. ಏನು ಹೇಳಲಿ? ನಮ್ಮ ತೋಟಕ್ಕೂ ಶಶಿಧರಣ್ಣನ ಬೋರಿಗೂ ನಡುವೆ ಬಂಡಿ ದಾರಿ ಇದೆ, ಎರಡು ಸಾಲು ತೆಂಗು ಇವೆ, ಅದರ ಕೆಳಗೆಲ್ಲ ಬಂಡೆ. ಡ್ರಿಲ್ಲಿಗೂ ಜಗ್ಗದ ಬಂಡೆ ಎಂದು ಈ ಮನೆಯಲ್ಲಿ ಎಷ್ಟು ಸಲ ಕೇಳಿದ್ದೇನೆ. ಆ ಬಂಡೆಯನ್ನು ದಾಟಿ ನೀರು ಬಂದದ್ದು ಹೇಗೆ? ನಾಲ್ಕು ದಿಕ್ಕು ಇದ್ದವಲ್ಲ, ನಮ್ಮ ಬಾವಿಯ ಕಡೆಗೇ ಯಾಕೆ?

ನಿನ್ನ ಹೆಸರನ್ನು ಶಶಿಧರಣ್ಣನಿಗೆ ಕೊಟ್ಟವಳು ನಾನು. 'ನನ್ ಫ್ರೆಂಡ್ ಇದಾಳೆ ಕಣಣ್ಣ, ಜಿಯಾಲಜಿ ಓದಿದಾಳೆ, ಅಳೆದು ನೋಡಿ ಹೇಳ್ತಾಳೆ' ಎಂದು ಹೆಮ್ಮೆಯಿಂದ ಹೇಳಿದ್ದೆ. ನನ್ನ ಪ್ರಶ್ನೆಗೆ ಉತ್ತರ ಕೊಡುವಷ್ಟು ಓದಿದವಳು ನೀನೊಬ್ಬಳೇ ನನಗೆ ಗೊತ್ತಿರುವುದು. ಉತ್ತರ ಕೊಡು.

ಮಾಲಿನಿ


ತರೀಕೆರೆ
೪ ಏಪ್ರಿಲ್ ೨೦೨೪

ಮಾಲಿನಿ,

ತಡವಾಯಿತು. ಊಹೆಯಿಂದ ಬರೆಯಲು ಮನಸ್ಸು ಬರಲಿಲ್ಲ. ನೀನು ಶಾಲೆಯಲ್ಲಿದ್ದ ಹೊತ್ತಿನಲ್ಲಿ ಬಂದು, ನಿಮ್ಮ ಅತ್ತೆಯನ್ನು ಕೇಳಿಕೊಂಡು, ಬಾವಿಯ ಗೋಡೆಯನ್ನು ನೋಡಿದೆ. ಬೋರಿನೊಳಗೂ ಕ್ಯಾಮೆರಾ ಇಳಿಸಿದೆ. ನಿಮ್ಮ ಅತ್ತೆ ನನಗೆ ಕುಡಿಯಲು ಮಜ್ಜಿಗೆ ಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಬಂಡೆ ಎಂದರೆ ನಮಗೆ ಒಂದೇ ಇಡಿಯ ವಸ್ತು. ಹಾಗಿರುವುದಿಲ್ಲ. ಅದು ಹುಟ್ಟಿದಾಗ, ಬಿಸಿಯಾಗಿ ತಣಿದಾಗ, ಮಡಚಿಕೊಂಡಾಗ ಎಷ್ಟೋ ಕಡೆ ಸೀಳಿ, ಮತ್ತೆ ಕೂಡಿಕೊಂಡಿರುತ್ತದೆ. ನಿಮ್ಮ ತೋಟದ ಕೆಳಗೆ ಅಂಥ ಒಂದು ಹಳೆಯ ಸೀಳಿನಲ್ಲಿ ಬೆಣಚುಕಲ್ಲು ತುಂಬಿಕೊಂಡಿದೆ. ಬೋರಿನ ಕಡೆ ಆಳದಲ್ಲಿರುವ ಆ ಬಿಳಿ ಪಟ್ಟೆ ಓರೆಯಾಗಿ ಏರುತ್ತಾ ಬಂದು ನಿಮ್ಮ ಬಾವಿಯ ಗೋಡೆಯಲ್ಲಿ ಹೊರಬಿದ್ದಿದೆ. ಬೆಣಚುಕಲ್ಲೇನೋ ಗಟ್ಟಿ. ಆದರೆ ಅದಕ್ಕೂ ಬಂಡೆಗೂ ನಡುವಿನ ಅಂಚು ಕೊಳೆತು ಮಣ್ಣಾಗಿದೆ, ಬೆರಳಿನಲ್ಲಿ ಕೆರೆದರೆ ಉದುರುತ್ತದೆ.

ನೀರಿಗೆ ನಾಲ್ಕು ದಿಕ್ಕೂ ಒಂದೇ ಆಗಿರಲಿಲ್ಲ, ಮಾಲಿನಿ. ಇಡೀ ಬಂಡೆಯನ್ನು ಹೊಸದಾಗಿ ಒಡೆಯಲು ಬೇಕಾದ ಒತ್ತಡಕ್ಕಿಂತ ಎಷ್ಟೋ ಕಡಿಮೆ ಸಾಕು, ಮೊದಲೇ ಬಲಗೆಟ್ಟ ಅಂಚನ್ನು ಬಿಡಿಸಲು. ಬೋರಿನಿಂದ ಹೊರಟ ಬಿರುಕು ಸ್ವಲ್ಪ ದೂರ ತನ್ನ ಪಾಡಿಗೆ ಹೋಗಿದೆ. ಬಿಳಿ ಪಟ್ಟೆಯನ್ನು ಮುಟ್ಟಿದ ಮೇಲೆ ಅದನ್ನು ದಾಟಿ ಮುಂದೆ ಹೋಗಲಿಲ್ಲ. ತಿರುಗಿ, ಆ ಅಂಚನ್ನೇ ಹಿಡಿದುಕೊಂಡು ಬಂದಿದೆ. ಅದರ ಕೊನೆಯಲ್ಲಿ ನಿಮ್ಮ ಬಾವಿ ಇತ್ತು. ಚಪ್ಪಡಿಯ ಬೆನ್ನಿನ ಮೇಲೆ ಬೆಣಚಿನ ಬಿಳಿ ಇನ್ನೂ ಅಂಟಿದೆ.

ಇನ್ನೊಂದು ವಿಷಯ. ಆ ಮುಳ್ಳು ನಾನು ಎಣಿಸಿದ್ದಕ್ಕಿಂತ ಬಹಳ ಬೇಗ ಬಿದ್ದಿತ್ತು. ಬಂಡೆ ಒಡೆದಿದ್ದರೆ ಅಷ್ಟು ಬೇಗ ಬೀಳುತ್ತಿರಲಿಲ್ಲ. ಹಳೆಯ ಸಂದೊಂದು ಬಾಯಿಬಿಟ್ಟಿದೆ, ಅದು ಎಲ್ಲಿಗೆ ಹೋಗುತ್ತದೋ ನೋಡಬೇಕು ಎಂದು ಆ ಕ್ಷಣದಲ್ಲೇ ಪಂಪ್ ನಿಲ್ಲಿಸಬೇಕಾಗಿತ್ತು. ಸಬ್ ಇನ್ಸ್‌ಪೆಕ್ಟರ ಮುಂದೆ ಇದನ್ನೂ ಹೇಳಿದ್ದೇನೆ. ಬಾವಿಗೆ ಹೋಗಿ ಬಗ್ಗಿ ನೋಡಲಿಲ್ಲ ಎಂಬುದನ್ನೂ ಹೇಳಿ ಸಹಿ ಹಾಕಿದ್ದೇನೆ. ಅವರು ಏನು ಮಾಡುತ್ತಾರೋ ಮಾಡಲಿ.

ಆ ಪಟ್ಟೆ ನಿಮ್ಮ ಬಾವಿಯಲ್ಲಿ ಮುಗಿಯುವುದಿಲ್ಲ. ಬೇಲಿ ದಾಟಿ ಈಶಾನ್ಯಕ್ಕೆ, ಮಲ್ಲಿಕಾರ್ಜುನಯ್ಯನವರ ಹೊಲದ ಕಡೆ ಹೋಗುತ್ತದೆ. ಬದುಗಳ ಮೇಲೆ ಸಾಲಾಗಿ ಬಿಳಿಕಲ್ಲು ಎದ್ದಿರುವುದು ಕಾಣುತ್ತದೆ. ಅವರಿಗೂ ಶಶಿಧರಣ್ಣನಿಗೂ ಹೇಳಿ ಬಂದಿದ್ದೇನೆ. ಎಷ್ಟು ಕಿವಿಗೆ ಹಾಕಿಕೊಂಡರೋ ಗೊತ್ತಿಲ್ಲ.

ಅನುಪಮಾ


ಪಂಚನಹಳ್ಳಿ
೨೬ ಮೇ ೨೦೨೪

ಅನು,

ಬಾವಿಯ ನೀರು ಹೋಗಿಲ್ಲ.

ಟ್ಯಾಂಕರಿನ ನೀರು, ನಾಲ್ಕು ದಿನಕ್ಕೆ ಇಂಗಿ ಹೋಗುತ್ತದೆ ಎಂದು ಎಲ್ಲರೂ ಹೇಳಿದ್ದರು. ರಾಡಿ ಕೆಳಗೆ ಕೂತು ತಿಳಿಯಾಯಿತು. ಆಮೇಲೆ ನಿಧಾನವಾಗಿ ಏರತೊಡಗಿತು. ಈಗ ಮೂರನೇ ಮೆಟ್ಟಿಲು ಮುಳುಗಿದೆ. ಇಂಥ ಬೇಸಿಗೆಯಲ್ಲಿ! ಸುತ್ತಲಿನ ಬೋರುಗಳು ಗಾಳಿ ಉಗುಳುತ್ತಿರುವಾಗ ನನ್ನ ಗಂಡನನ್ನು ನುಂಗಿದ ಬಾವಿಯಲ್ಲಿ ನೀರಿದೆ. ಬೆಳಿಗ್ಗೆ ಎದ್ದು ಅದನ್ನು ನೋಡಿದರೆ ಯಾರೋ ಕೆನ್ನೆಗೆ ಹೊಡೆದ ಹಾಗಾಗುತ್ತದೆ. ಪ್ರತಿ ಬೆಳಿಗ್ಗೆಯೂ ಹಾಗೇ ಆಗುತ್ತದೆ. ಅಭ್ಯಾಸವಾಗುತ್ತಿಲ್ಲ.

ಸುತ್ತ ಮುಳ್ಳು ಹಾಕಿಸಿ ಮುಚ್ಚಿಬಿಡೋಣ, ಮಣ್ಣು ತುಂಬಿಸೋಣ ಎಂದು ನಾನು ಗಟ್ಟಿ ಮಾಡಿಕೊಂಡಿದ್ದೆ. ಜೆಸಿಬಿಯವನಿಗೂ ಹೇಳಿದ್ದೆ. ಮೊನ್ನೆ ಶಾಲೆಯ ಕೆಲಸ ಮುಗಿಸಿ ಬಂದು ನೋಡಿದರೆ ಅತ್ತೆ ಅದೇ ಬಾವಿಯಿಂದ ಸೇದಿ ತೆಂಗಿನ ಸಸಿಗಳಿಗೆ ನೀರು ಹಾಕುತ್ತಿದ್ದಾರೆ. ಹೋದ ವರ್ಷ ಅವರ ಮಗನೇ ನೆಟ್ಟ ಸಸಿಗಳು. ನಾನು ಕೊಡ ಕಿತ್ತುಕೊಂಡು ಎಸೆದೆ.

'ಇದ್ರ ನೀರು ಮುಟ್ತೀರಲ್ಲ, ಕೈ ಹೆಂಗ್ ಬಂತು ನಿಮ್ಗೆ?' ಎಂದು ಕೂಗಾಡಿದೆ. ಅತ್ತೆಯ ಎದುರು ನಾನು ಎಂದೂ ದನಿ ಏರಿಸಿದವಳಲ್ಲ.

ಅವರು ಹೋಗಿ ಕೊಡ ಎತ್ತಿಕೊಂಡು ಬಂದರು. 'ಅವ್ನು ಗಿಡಕ್ಕೆ ನೀರಿಲ್ಲ ಅಂತ ತಾನೆ ಇಳಿದಿದ್ದು' ಎಂದರು. 'ನೀರು ಬಂದೈತೆ. ಗಿಡ ಒಣಗ್ತಾ ಅವೆ. ನಂಗೆ ಇನ್ನೇನ್ ಮಾಡೋಕ್ ಬತ್ತದೆ ಹೇಳವ್ವ.' ಮತ್ತೆ ಹಗ್ಗ ಬಿಟ್ಟರು. ಸೇದಿದ್ದರಲ್ಲಿ ಅರ್ಧ ನೀರು ಅವರ ಕಾಲಿನ ಮೇಲೇ ಚೆಲ್ಲಿತು.

ನಾನು ಸಹಾಯ ಮಾಡಲಿಲ್ಲ. ನಿಂತು ನೋಡಿದೆ, ಅಷ್ಟೇ. ಜೆಸಿಬಿಯವನಿಗೆ ಬರಬೇಡ ಎಂದು ಹೇಳಿದ್ದೇನೆ.

ಇದನ್ನು ನಿನಗೆ ಯಾಕೆ ಬರೆಯುತ್ತಿದ್ದೇನೋ ಗೊತ್ತಿಲ್ಲ.

ಮಾಲಿನಿ


ತರೀಕೆರೆ
೧೨ ಜುಲೈ ೨೦೨೪

ಮಾಲಿನಿ,

ನಿನ್ನ ಕಾಗದಕ್ಕೆ ಏನು ಬರೆದರೂ ತಪ್ಪಾಗಿ ಕಾಣುತ್ತದೆ. ಮೂರು ಸಲ ಬರೆದು ಹರಿದೆ.

ಶಶಿಧರಣ್ಣನ ಬೋರಿನ ಸುತ್ತಲ ಬಂಡೆಯಲ್ಲಿ ಸಿಕ್ಕಿಕೊಂಡಿದ್ದ ನೀರಿನ ಮಟ್ಟ ನಿಮ್ಮ ಬಾವಿಯ ತಳಕ್ಕಿಂತ ಮೇಲಿತ್ತು, ಹೊರಬರಲು ದಾರಿ ಇರಲಿಲ್ಲ. ಈಗ ದಾರಿಯಾಗಿದೆ. ಅದಕ್ಕೇ ನಿಮ್ಮ ಬಾವಿಯಲ್ಲಿ ನೀರು ನಿಂತಿರುವುದು. ಅದು ಹಾಗೇ ಇರುತ್ತದೆ. ನಿನಗೆ ನಿಜ ಹೇಳಬೇಕು ಎಂದು ಬರೆದೆ.

ಅಜ್ಜಂಪುರದ ಹತ್ತಿರ ಒಂದು ಕೆಲಸಕ್ಕೆ ಕರೆದಿದ್ದರು, ಹೋದೆ. ಗಾಡಿ ಬರುವ ಮುಂಚೆ ಸುತ್ತಲಿನ ಹೊಲವೆಲ್ಲ ನಡೆದೆ. ಪಾಳುಬಿದ್ದ ಒಂದು ಬಾವಿ ಸಿಕ್ಕಿತು. ಬಗ್ಗಿ ನೋಡಬೇಕು ಎಂದರೆ ಕಟ್ಟೆಯ ಹತ್ತಿರ ಹೋಗಲು ಆಗಲಿಲ್ಲ. ಅಲ್ಲೇ ಕೂತುಬಿಟ್ಟೆ. ಆ ಮನೆಯ ಹೆಂಗಸು ಬಂದು ನೋಡಿ, 'ಖಾಲಿ ಐತೆ ಕಣಕ್ಕ, ಯಾರಿಲ್ಲ' ಎಂದಳು. ಆದರೂ ನಾನು ಆ ಕೆಲಸ ಮಾಡಿಸಲಿಲ್ಲ. ಕ್ಷಮೆ ಕೇಳಿ ವಾಪಸ್ ಬಂದೆ. ಅಲ್ಲಿಂದ ಮುಂದೆ ಯಾವ ಕೆಲಸಕ್ಕೂ ಹೋಗಿಲ್ಲ.

ನಿಮ್ಮ ಅತ್ತೆ ಕರಿಬಸಮ್ಮನವರಿಗೆ ನನ್ನ ನಮಸ್ಕಾರ ಹೇಳು. ಹೇಳಬೇಕು ಅನ್ನಿಸಿದರೆ ಮಾತ್ರ.

ಅನುಪಮಾ


ಪಂಚನಹಳ್ಳಿ
೧೮ ಮಾರ್ಚ್ ೨೦೨೫

ಅನು,

ಇವತ್ತು ನಡೆದದ್ದನ್ನು ಈಗಲೇ ಬರೆಯಬೇಕು. ಅಕ್ಷರ ವಾರೆಕೋರೆಯಾಗಿದ್ದರೆ ಓದಿಕೋ.

ಬೆಳಿಗ್ಗೆ ಶಾಲೆಗೆ ಹೊರಟಿದ್ದೆ. ಮಲ್ಲಿಕಾರ್ಜುನಯ್ಯನವರ ಹೊಲದಲ್ಲಿ ಒಂದು ಲಾರಿ, ಪಕ್ಕದಲ್ಲಿ ನೀರಿನ ಟ್ಯಾಂಕರ್. ಲಾರಿಯ ಮೇಲೆ ಉದ್ದನೆಯ ಕಪ್ಪು ರಬ್ಬರಿನ ಬಿರಡೆ. ಅಂಥದ್ದನ್ನು ನಾನು ಎಂದೂ ನೋಡಿರಲಿಲ್ಲ, ನಿನ್ನ ಕಾಗದದಲ್ಲಿ ಓದಿದ್ದು ಅಷ್ಟೇ. ನೋಡಿದ ಕೂಡಲೇ ಗೊತ್ತಾಯಿತು. ಸ್ಕೂಟರ್ ಎಲ್ಲಿ ನಿಲ್ಲಿಸಿದೆನೋ ಗೊತ್ತಿಲ್ಲ.

'ಸುತ್ತ ಬಾವಿ ನೋಡಿದ್ದೀರಾ?' ಎಂದು ಕೇಳಿದೆ.

'ಹತ್ರದಲ್ಲಿ ಯಾವ್ ಬೋರೂ ಇಲ್ಲ ಮೇಡಂ' ಎಂದ ಗಾಡಿಯವನು.

'ಬೋರಲ್ಲ, ಬಾವಿ!'

ಮಲ್ಲಿಕಾರ್ಜುನಯ್ಯ ಮುಂದೆ ಬಂದು, 'ನಿನ್ ಕಷ್ಟ ನಂಗೆ ಅರ್ಥ ಆಗ್ತದೆ ಕಣಮ್ಮ. ಎಲ್ಲಾ ಕಡೆ ಹಂಗೇ ಆಗ್ತದಾ? ನೀನು ಸ್ಕೂಲಿಗೆ ಹೋಗು' ಎಂದರು. ನಾನು ಬರುವವರೆಗೆ ಶುರು ಮಾಡಬೇಡಿ ಎಂದು ಕೈಮುಗಿದೆ. ಆಯ್ತು ಎಂದರು.

ನೀನು ಬರೆದಿದ್ದ ಬಿಳಿಕಲ್ಲು ನೆನಪಿತ್ತು. ಬದುವಿನ ಮೇಲೆ ಒಂದು, ರಾಗಿ ಕೂಳೆಯ ನಡುವೆ ಒಂದು, ಮತ್ತೆ ಮುಂದಿನ ಬದುವಿನಲ್ಲಿ. ಅವನ್ನು ಹಿಡಿದು ನಡೆದೆ. ಹಾಗೇ ಹೋದರೆ ಲಂಟಾನದ ಪೊದೆ. ಪೊದೆಯ ಹಿಂದಿನಿಂದ ಗುದ್ದಲಿಯ ಸದ್ದು ಬರುತ್ತಿತ್ತು. ನೆಲದ ಒಳಗಿನಿಂದ ಬರುವ ಸದ್ದು.

ಪಕ್ಕದ ಹೊಲದವರು ಹಳೆಯ ಬಾವಿಯ ಹೂಳು ತೆಗೆಸುತ್ತಿದ್ದಾರೆ. ಒಳಗೆ ಹೊನ್ನಯ್ಯ ಮತ್ತು ಈರಪ್ಪ, ಇಬ್ಬರೂ ನಮ್ಮೂರಿನವರೇ. ಕಟ್ಟೆ ಹಿಡಿದು ಕೂಗಿದೆ. ಹೊನ್ನಯ್ಯ ಮೇಲೆ ನೋಡಿ, 'ಏನಕ್ಕ, ಹೂಳಿನ ಮಂಕರಿ ಎಳೀತೀಯಾ?' ಎಂದು ನಕ್ಕ. ಹೊರಗೆ ಬನ್ನಿ, ಪಕ್ಕದಲ್ಲಿ ಹೈಡ್ರೋ ಗಾಡಿ ಬಂದಿದೆ ಎಂದೆ. 'ಅದು ಅಲ್ಲೆಲ್ಲೋ ಐತೆ, ಇಲ್ಗೇನು?' ಎಂದು ಮತ್ತೆ ಬಗ್ಗಿದ.

ಆಗ ಎಂಜಿನ್ ಶುರುವಾದದ್ದು ಕೇಳಿಸಿತು.

ಅನು, ಆ ಸದ್ದು ಕೇಳಿ ನಾನು ಏನು ಕೂಗಿದೆನೋ ನೆನಪಿಲ್ಲ. ಲಾರಿಯ ಕಡೆ ಓಡಿದರೆ ತಲುಪುವಷ್ಟರಲ್ಲಿ ಮುಗಿದಿರುತ್ತದೆ. ಚಪ್ಪಲಿ ಬಿಟ್ಟು ಮೆಟ್ಟಿಲ ಮೇಲೆ ಕಾಲಿಟ್ಟೆ. 'ನೀವ್ ಬರ್ಲಿಲ್ಲ ಅಂದ್ರೆ ನಾನೇ ಇಳಿದು ಬರ್ತೀನಿ. ಮೂರು ಜನ ಸಾಯೋಣ' ಎಂದೆ. ಎರಡು ಮೆಟ್ಟಿಲು ಇಳಿದೂ ಬಿಟ್ಟೆ. ಈರಪ್ಪ ನನ್ನ ಮುಖ ನೋಡಿ, 'ಲೇ ಹೊನ್ನ, ತಿಪ್ಪೇಶಣ್ಣನ ಹೆಂಡ್ತಿ ಕಣೋ. ನಡಿ ನಡಿ' ಎಂದ. ಗುದ್ದಲಿ ಅಲ್ಲೇ ಬಿಟ್ಟು ಹತ್ತಿದರು. ಈರಪ್ಪ ಮೊದಲು ಬಂದ. ಹೊನ್ನಯ್ಯ ಗೊಣಗುತ್ತಾ ನಿಧಾನವಾಗಿ ಹತ್ತುತ್ತಿದ್ದ. ಅವನ ರಟ್ಟೆಗೆ ಕೈ ಹಾಕಿ ಎಳೆದೆ.

ಅವನು ಕಟ್ಟೆಯ ಮೇಲೆ ಕಾಲಿಟ್ಟಾಗ ಒಳಗೆ ಏನೋ ಗುಡುಗಿತು. ನಾವು ಮೂವರೂ ಬಗ್ಗಿ ನೋಡಿದೆವು. ಬಾವಿಯ ತಳದ ಮಣ್ಣು ಅನ್ನ ಕುದಿದ ಹಾಗೆ ಕುದಿಯುತ್ತಿತ್ತು. ಗೋಡೆಯ ಒಂದು ಪಕ್ಕ ಸೀಳಿ, ಕೆಂಪು ನೀರು ಈಟಿಯ ಹಾಗೆ ಹೊರಗೆ ಹಾರಿ ಎದುರು ಗೋಡೆಗೆ ಬಡಿಯಿತು. ಕಲ್ಲುಗಳು ಕಳಚಿ, ಅವರು ಅಗೆಯುತ್ತಿದ್ದ ಜಾಗಕ್ಕೇ ಬಿದ್ದವು. ಇದು ಹೀಗಿತ್ತೇ! ನನ್ನ ಗಂಡ ಕೊನೆಗೆ ಕಂಡದ್ದು ಇದನ್ನೇ. ಒಂದು ವರ್ಷದಿಂದ ಪ್ರತಿ ಬೆಳಿಗ್ಗೆ ಅದನ್ನು ಊಹಿಸಿಕೊಂಡಿದ್ದೆ. ನನ್ನ ಊಹೆ ಇದರ ಹತ್ತಿರಕ್ಕೂ ಬಂದಿರಲಿಲ್ಲ.

ಹೊನ್ನಯ್ಯ ಹಾಗೇ ನೆಲಕ್ಕೆ ಕುಸಿದು ಕೂತ. ಈರಪ್ಪ ನನ್ನ ಕಾಲು ಹಿಡಿಯಲು ಬಂದ, ನಾನು ಹಿಂದೆ ಸರಿದೆ. ಆಮೇಲೆ ಮಲ್ಲಿಕಾರ್ಜುನಯ್ಯ ಓಡಿ ಬಂದರು. ಬಾವಿ ನೋಡಿದರು, ಇವರಿಬ್ಬರನ್ನು ನೋಡಿದರು, ತಲೆಯ ಮೇಲಿನ ಟವೆಲ್ ತೆಗೆದು ಮುಖಕ್ಕೆ ಒತ್ತಿಕೊಂಡು ಅಲ್ಲೇ ನಿಂತುಬಿಟ್ಟರು.

ಹೊನ್ನಯ್ಯನನ್ನು ಬೈಕಿನಲ್ಲಿ ಕೂರಿಸಿಕೊಂಡು ಈರಪ್ಪ ಹೊರಟ. ಇಬ್ಬರ ಮೈಯೆಲ್ಲ ಹೂಳು. ನಾನು ರಸ್ತೆಯ ತಿರುವಿನವರೆಗೂ ನೋಡುತ್ತಾ ನಿಂತೆ. ಶಾಲೆಗೆ ಹೋಗಲಿಲ್ಲ. ಅತ್ತೆಗೆ ಹೇಳಿದೆ. ಅವರು ಕೇಳಿಸಿಕೊಂಡು, ಎದ್ದು ಹೋಗಿ ಬಾಗಿಲ ಹತ್ತಿರ ನಿಂತು, 'ಹೊನ್ನಯ್ಯಂಗೂ ಅವ್ವ ಇದಾಳೆ' ಎಂದರು.

ಈಗ ಮಧ್ಯಾಹ್ನ ಆಗಿದೆ. ಇಬ್ಬರೂ ಸ್ನಾನ ಮಾಡಿರುತ್ತಾರೆ. ಯಾರೋ ಕೂಗಿರುತ್ತಾರೆ, ಊಟಕ್ಕೆ ಕೂತಿರುತ್ತಾರೆ.

ಮಾಲಿನಿ